ಗರಿ ಕೀಳುವ ಗಿಳಿಯ ಗೋಳು

ವಿರಾಜಪೇಟೆಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಅಮ್ಮತ್ತಿ ಕಾಫಿ ತೋಟಗಳ ನಡುವಿನ ಊರು. ತೋಟದ ನೆರಳಿಗೆಂದು ಉಳಿಸಿಕೊಂಡ ಅತ್ತಿ, ಹಲಸು, ಹಾಲುವಾಣ, ಸಿಲ್ವರ್ ಓಕ್ ಮರಗಳ ಮೇಲೆ ಬೆಳಗಿನ ಹೊತ್ತು ಗಿಳಿಗಳ ಹಿಂಡು ಕೂಗುತ್ತಾ ಹಾರುವುದು ಇಲ್ಲಿಯವರಿಗೆ ಹೊಸತಲ್ಲ. ಕೊರಳಿಗೆ ಗುಲಾಬಿ ಪಟ್ಟಿಯಿರುವ ಸಾಮಾನ್ಯ ಗಿಳಿ, ಪಶ್ಚಿಮಘಟ್ಟಗಳನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲೂ ಕಾಣಸಿಗದ ನೀಲಿ ರೆಕ್ಕೆಯ ಗಿಳಿ, ಕೆಂಪು ತಲೆಯ ಗಿಳಿ, ಬಾವಲಿಯಂತೆ ತಲೆಕೆಳಗಾಗಿ ನೇತಾಡಿಕೊಂಡು ನಿದ್ರಿಸುವ ಗುಬ್ಬಿ ಗಾತ್ರದ ಪುಟ್ಟ ಗಿಳಿ, ಈ ನಾಲ್ಕೂ ಕೊಡಗಿನಲ್ಲಿವೆ. ಬೆಳಗಿನಿಂದ ಸಂಜೆಯವರೆಗೆ ಅವಕ್ಕೆ ಪುರುಸೊತ್ತೆಂಬುದಿಲ್ಲ. ಒಂದು ಅತ್ತಿಯ ಮರದಿಂದ ಇನ್ನೊಂದಕ್ಕೆ, ಅಲ್ಲಿಂದ ಭತ್ತದ ಗದ್ದೆಗೆ, ಮತ್ತೆ ಹಿಂಡನ್ನು ಕೂಡಿಕೊಂಡು ರಾತ್ರಿಯ ಆಸರೆಗೆ.

ಅದೇ ಮರಗಳ ಕೆಳಗಿನ ಮನೆಯ ಜಗಲಿಯಲ್ಲಿ ಒಂದು ಪಂಜರ ತೂಗುತ್ತಿದೆಯೆನ್ನಿ. ಒಳಗೊಂದು ಗಿಳಿ. ಬಟ್ಟಲಲ್ಲಿ ಕಾಳು, ಇನ್ನೊಂದರಲ್ಲಿ ನೀರು. ಮನೆಯವರಿಗೆ ಅದು ಮಗುವಿನ ಹಾಗೆ. ಹೀಗಿರುವಾಗ ಒಂದು ದಿನ ಪಂಜರದ ಕೆಳಗೆ ನಾಲ್ಕಾರು ಹಸಿರು ಗರಿಗಳು ಬಿದ್ದಿರುತ್ತವೆ. ಮರುವಾರ ಇನ್ನಷ್ಟು. ತಿಂಗಳು ಕಳೆಯುವುದರೊಳಗೆ ಎದೆಯ ಭಾಗ ಬೋಳಾಗಿ, ಬೂದು ಮಿಶ್ರಿತ ಗುಲಾಬಿ ಚರ್ಮ ಕಾಣತೊಡಗುತ್ತದೆ. ತಲೆ ಮಾತ್ರ ಮೊದಲಿನಷ್ಟೇ ಅಂದ. ತಮ್ಮ ಮುದ್ದಿನ ಹಕ್ಕಿ ತನ್ನ ಗರಿಯನ್ನು ತಾನೇ ಕಿತ್ತು ಎಸೆಯುತ್ತಿದೆ ಎಂಬುದನ್ನು ಕಣ್ಣಾರೆ ಕಂಡಾಗ ಮನೆಯವರಿಗಾಗುವ ಸಂಕಟ ಅಷ್ಟಿಷ್ಟಲ್ಲ. ಒಬ್ಬರು ಅರಿಶಿನದ ಎಣ್ಣೆ ಹಚ್ಚಿ ಎನ್ನುತ್ತಾರೆ, ಇನ್ನೊಬ್ಬರು ಬೇವಿನ ನೀರು ಚಿಮುಕಿಸಿ ಎನ್ನುತ್ತಾರೆ, ಮತ್ತೊಬ್ಬರು ದೃಷ್ಟಿ ತಾಗಿದೆ ಎನ್ನುತ್ತಾರೆ. ಗಿಳಿ ಮಾತ್ರ ಕೀಳುವುದನ್ನು ನಿಲ್ಲಿಸುವುದಿಲ್ಲ.

ಇದು ಅಮ್ಮತ್ತಿಗೋ ಕೊಡಗಿಗೋ ಸೀಮಿತವಾದ ಸಮಸ್ಯೆಯಲ್ಲ. ಗಿಳಿ ಸಾಕುವ ಎಲ್ಲ ದೇಶಗಳಲ್ಲೂ ಇದೆ. ಸಾಕಿದ ಗಿಳಿಗಳಲ್ಲಿ ಸುಮಾರು ಹತ್ತಕ್ಕೊಂದು ತನ್ನ ಗರಿಗಳನ್ನು ಹಾಳುಮಾಡಿಕೊಳ್ಳುತ್ತದೆ ಎಂಬುದು ಪಕ್ಷಿವೈದ್ಯರು ಬಹುಕಾಲದಿಂದ ಹೇಳುತ್ತಾ ಬಂದ ಅಂದಾಜು. ಗಮನಿಸಬೇಕಾದ ಸಂಗತಿಯೆಂದರೆ, ಕಾಡಿನಲ್ಲಿ ಸ್ವತಂತ್ರವಾಗಿರುವ ಗಿಳಿಗಳಲ್ಲಿ ಈ ಚಟ ಕಾಣಸಿಗುವುದಿಲ್ಲ ಎಂದೇ ಹೇಳಬೇಕು. ಹಾಗಾದರೆ ಪಂಜರದೊಳಗೆ ಅದಕ್ಕೆ ಆಗುವುದಾದರೂ ಏನು? ಅದನ್ನು ಬಿಡಿಸುವುದು ಸಾಧ್ಯವೇ?

ಗರಿಯೆಂಬ ವಿಸ್ಮಯ

ನಮ್ಮ ಉಗುರು, ಕೂದಲು ಮತ್ತು ದನದ ಕೊಂಬಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿನ ಜಾತಿಯ ವಸ್ತುವಿನಿಂದಲೇ ಗರಿಯೂ ಆಗಿದೆ. ಚರ್ಮದಲ್ಲಿರುವ ಸಣ್ಣ ಕುಳಿಯೊಂದರಿಂದ ಗರಿ ಹುಟ್ಟುತ್ತದೆ. ಹೊಸ ಗರಿ ಹೊರಬರುವಾಗ ಮುಳ್ಳಿನಂತೆ ಚೂಪಾಗಿ, ತೆಳು ಕವಚದೊಳಗೆ ಸುತ್ತಿಕೊಂಡಿರುತ್ತದೆ. ಆ ಹಂತದಲ್ಲಿ ಅದರೊಳಗೆ ರಕ್ತ ಹರಿಯುತ್ತಿರುತ್ತದೆ. ಬೆಳವಣಿಗೆ ಮುಗಿದ ಮೇಲೆ ರಕ್ತ ಹಿಂದೆ ಸರಿದು, ಗರಿ ನಮ್ಮ ಉಗುರಿನ ತುದಿಯಂತೆ ನಿರ್ಜೀವವಾಗುತ್ತದೆ. ಆದ್ದರಿಂದ ಬಲಿತ ಗರಿ ತುಂಡಾದರೆ ನೋವಿಲ್ಲ. ಎಳೆಯ ಗರಿ ಮುರಿದರೆ ರಕ್ತ ಸುರಿಯುತ್ತದೆ. ಬಲಿತದ್ದಾದರೂ ಸರಿ, ಬುಡಸಹಿತ ಕಿತ್ತರೆ ನೋವಾಗುತ್ತದೆ.

ಹಾರಾಟಕ್ಕಷ್ಟೇ ಅಲ್ಲ, ಮೈ ಬೆಚ್ಚಗಿಡುವುದಕ್ಕೂ ನೀರು ತಡೆಯುವುದಕ್ಕೂ ಗರಿ ಬೇಕು. ಕೊಡಗಿನ ಮಳೆಗಾಲದ ಚಳಿಯಲ್ಲಿ ಎದೆ ಬೋಳಾದ ಗಿಳಿಯೆಂದರೆ ಕಂಬಳಿಯಿಲ್ಲದೆ ಹೊರಗೆ ಮಲಗಿದ ಮನುಷ್ಯನಂತೆಯೇ ಸರಿ. ಮೈಯ ಶಾಖ ಉಳಿಸಿಕೊಳ್ಳಲು ಅದು ಹೆಚ್ಚು ಆಹಾರ ಉರಿಸಬೇಕು. ಅದೇ ಹೊತ್ತಿಗೆ ಹೊಸ ಗರಿ ಹೆಣೆಯಲು ಪ್ರೋಟೀನ್ ಒದಗಿಸಬೇಕು. ಕಿತ್ತದ್ದನ್ನು ಮತ್ತೆ ಬೆಳೆಸುವುದು, ಬೆಳೆದದ್ದನ್ನು ಮತ್ತೆ ಕೀಳುವುದು ಎಂಬ ಈ ಚಕ್ರ ಹಕ್ಕಿಯನ್ನು ಒಳಗಿನಿಂದ ಸೊರಗಿಸುತ್ತದೆ.

ಉದುರಿದ್ದೋ, ಕಿತ್ತದ್ದೋ?

ಪಂಜರದಡಿ ಗರಿ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಗಿಳಿಗಳು ಕಾಲಕಾಲಕ್ಕೆ ಹಳೆಯ ಗರಿ ಉದುರಿಸಿ ಹೊಸತು ಪಡೆಯುವುದು ಸಹಜ ಕ್ರಿಯೆ. ಆದರೆ ಹಾಗೆ ಉದುರುವಾಗ ಎಡಬಲಗಳಲ್ಲಿ ಸಮನಾಗಿ, ಅಲ್ಲೊಂದು ಇಲ್ಲೊಂದು ಉದುರುತ್ತದೆಯೇ ಹೊರತು ಚರ್ಮ ಬೋಳಾಗಿ ಕಾಣುವುದಿಲ್ಲ. ಬಿದ್ದ ಗರಿಗಳೂ ಇಡಿಯಾಗಿರುತ್ತವೆ. ಕಿತ್ತ ಗರಿಗಳು ಹಲವೊಮ್ಮೆ ಕಚ್ಚಿ ಸೀಳಿದಂತೆ ಇರುತ್ತವೆ. ಇನ್ನು ಕೆಲವು ಗಿಳಿಗಳು ಕೀಳುವುದಿಲ್ಲ, ಗರಿಯ ಅಂಚನ್ನು ಕತ್ತರಿಯಂತೆ ಕಡಿಯುತ್ತವೆ. ಹಾಗೆಯೇ, ದಿನದಲ್ಲಿ ಹಲವು ಸಲ ಕೊಕ್ಕಿನಿಂದ ಗರಿಗಳನ್ನು ಬಾಚಿಕೊಳ್ಳುವುದು ಗಿಳಿಯ ನಿತ್ಯದ ಸಿಂಗಾರ. ಅದನ್ನು ಚಟವೆಂದು ತಿಳಿಯಬಾರದು.

ಎಲ್ಲಕ್ಕಿಂತ ಸುಲಭವಾದ ಪರೀಕ್ಷೆಯೊಂದಿದೆ. ಗಿಳಿಯ ಕೊಕ್ಕು ಅದರ ತಲೆಗೆ ಮಾತ್ರ ಎಟುಕುವುದಿಲ್ಲ. ಎದೆ, ಹೊಟ್ಟೆ, ತೊಡೆ, ರೆಕ್ಕೆಯ ಕೆಳಭಾಗ ಬೋಳಾಗಿದ್ದು, ತಲೆ ಮತ್ತು ಮೇಲ್ಗತ್ತಿನ ಗರಿಗಳು ನೆಟ್ಟಗಿದ್ದರೆ ಆ ಕೆಲಸ ಗಿಳಿಯದೇ. ತಲೆಯೂ ಬೋಳಾಗಿದ್ದರೆ ಒಂದೋ ಜೊತೆಯ ಹಕ್ಕಿ ಕೀಳುತ್ತಿದೆ, ಇಲ್ಲವೇ ಗರಿಯ ಕುಳಿಗೇ ರೋಗ ತಗಲಿದೆ. ಅಂಥ ರೋಗಗಳಲ್ಲಿ ಮುಖ್ಯವಾದದ್ದು ಕೊಕ್ಕು ಮತ್ತು ಗರಿಗಳನ್ನು ಕೆಡಿಸುವ ಒಂದು ವೈರಸ್. ಆಸ್ಟ್ರೇಲಿಯದ ಕಾಕಟೂ ಹಕ್ಕಿಗಳಲ್ಲಿ 1970ರ ದಶಕದಲ್ಲಿ ಗಮನಕ್ಕೆ ಬಂದ ಈ ರೋಗ ಪಂಜರದ ಹಕ್ಕಿಗಳ ವ್ಯಾಪಾರದೊಡನೆ ಅನೇಕ ದೇಶಗಳಿಗೆ ಹಬ್ಬಿದೆ. ಹೊಸ ಗಿಳಿಯೊಂದನ್ನು ತಂದ ದಿನವೇ ಹಳೆಯದರ ಜೊತೆ ಬಿಡಬಾರದು ಎನ್ನುವುದು ಇದಕ್ಕಾಗಿಯೇ.

ಮೊದಲು ಮೈ, ಆಮೇಲೆ ಮನಸ್ಸು

ಗರಿ ಕೀಳುವುದನ್ನು ‘ಬೇಸರ’, ‘ಸಿಟ್ಟು’ ಎಂದು ಕೂಡಲೇ ತೀರ್ಮಾನಿಸುವುದು ತಪ್ಪು. ತುರಿಕೆಯಿದ್ದಲ್ಲಿ ಕೆರೆದುಕೊಳ್ಳುವುದು ಪ್ರಾಣಿಧರ್ಮ. ಹೇನು, ನುಸಿಗಳಂಥ ಪರೋಪಜೀವಿಗಳು, ಚರ್ಮಕ್ಕೆ ತಗಲಿದ ಬೂಷ್ಟು ಅಥವಾ ಬ್ಯಾಕ್ಟೀರಿಯಾ, ಕರುಳಿನ ಪರಾವಲಂಬಿಗಳು, ಪಿತ್ತಕೋಶದ ಕಾಯಿಲೆ, ಹೀಗೆ ಕಾರಣಗಳ ಪಟ್ಟಿ ದೊಡ್ಡದು. ಒಳಗೆ ನೋವಿರುವ ಜಾಗದ ಮೇಲಿನ ಗರಿಯನ್ನೇ ಕೀಳುವ ಗಿಳಿಗಳೂ ಇವೆ.

ಪಂಜರವೇ ವಿಷವಾಗುವುದೂ ಉಂಟು. ಅಗ್ಗದ ತಂತಿಯ ಮೇಲಿನ ಸತುವಿನ ಲೇಪ, ಹಳೆಯ ಬಣ್ಣದಲ್ಲಿನ ಸೀಸ, ಇವನ್ನು ಗಿಳಿ ಕೊಕ್ಕಿನಿಂದ ಕೆರೆದು ನುಂಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಮೈಸೇರಿದ ಈ ಲೋಹಗಳು ನರಗಳನ್ನೂ ಪಿತ್ತಕೋಶವನ್ನೂ ಕೆಡಿಸುತ್ತವೆ. ಗರಿ ಕೀಳುವ ಗಿಳಿಗಳಲ್ಲಿ ವೈದ್ಯರು ಹುಡುಕುವ ಕಾರಣಗಳಲ್ಲಿ ಇದೂ ಒಂದು.

ಇನ್ನೊಂದು ದೊಡ್ಡ ಕಾರಣ ಆಹಾರ. ವರ್ಷವಿಡೀ ಸೂರ್ಯಕಾಂತಿ ಬೀಜ, ಕಡಲೆ, ಅನ್ನ ಇಷ್ಟರಲ್ಲೇ ಬೆಳೆದ ಗಿಳಿಗೆ ಕೊಬ್ಬು ಬೇಕಾದಷ್ಟು ಸಿಗುತ್ತದೆ, ‘ಎ’ ಜೀವಸತ್ವ ಮತ್ತು ಸುಣ್ಣದ ಅಂಶ ಸಿಗುವುದಿಲ್ಲ. ‘ಎ’ ಜೀವಸತ್ವದ ಕೊರತೆಯಾದರೆ ಚರ್ಮ ಒಣಗಿ ಹೊಟ್ಟೇಳುತ್ತದೆ, ತುರಿಸುತ್ತದೆ. ಔಷಧ ಬಹಳ ದೂರವಿಲ್ಲ. ಸಿಹಿಗುಂಬಳ, ಪರಂಗಿಹಣ್ಣು, ಕ್ಯಾರೆಟ್, ನುಗ್ಗೆಸೊಪ್ಪು, ಹರಿವೆ ಸೊಪ್ಪುಗಳಲ್ಲಿ ಅದರ ಮೂಲವಸ್ತು ಧಾರಾಳವಾಗಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಸುಳ್ಳಾಗುತ್ತದೆ.

ಆದ್ದರಿಂದ ಮೊದಲ ಹೆಜ್ಜೆ ಪಶುವೈದ್ಯರ ಬಳಿಗೆ. ಹತ್ತಿರದ ಸರಕಾರಿ ಪಶುಚಿಕಿತ್ಸಾಲಯದಲ್ಲಿ ಹಿಕ್ಕೆಯ ಪರೀಕ್ಷೆ, ಪರೋಪಜೀವಿಗಳ ತಪಾಸಣೆಯಿಂದ ಆರಂಭಿಸಬಹುದು. ರಕ್ತಪರೀಕ್ಷೆ, ಎಕ್ಸ್-ರೇ ಮುಂತಾದವು ಬೇಕೆನಿಸಿದರೆ ಹಾಸನದ ಅಥವಾ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ವಿಚಾರಿಸಬಹುದು. ಹೋಗುವಾಗ ಪಂಜರಕ್ಕೆ ತೆಳುಬಟ್ಟೆ ಹೊದಿಸಬೇಕು. ಆ ದಿನದ ಹಿಕ್ಕೆಯಿರುವ ಕಾಗದ, ಕಿತ್ತ ಕೆಲವು ಗರಿ, ತಿನ್ನಿಸುವ ಆಹಾರದ ಮಾದರಿ ಜೊತೆಗಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಗಿಳಿಗಳಿಂದ ಮನುಷ್ಯರಿಗೆ ಹರಡುವ ‘ಗಿಳಿಜ್ವರ’ವೆಂಬ ಕಾಯಿಲೆಯೂ ಇರುವುದರಿಂದ, ಪಂಜರ ತೊಳೆದ ಮೇಲೆ ಕೈ ತೊಳೆಯುವುದನ್ನು ಮರೆಯಬಾರದು.

ಕೆಲಸ ಕಳೆದುಕೊಂಡ ಹಕ್ಕಿ

ವೈದ್ಯರು ಎಲ್ಲವನ್ನೂ ನೋಡಿ ಮೈಯಲ್ಲಿ ರೋಗವಿಲ್ಲ ಎಂದರು ಎನ್ನೋಣ. ಆಗ ಕಣ್ಣು ಹಾಯಿಸಬೇಕಾದದ್ದು ಗಿಳಿಯ ದಿನಚರಿಯ ಕಡೆಗೆ.

ಪೋರ್ಟೊರಿಕೊ ದ್ವೀಪದ ಕಾಡುಗಿಳಿಗಳು ಆಹಾರ ಹುಡುಕುವುದರಲ್ಲಿ ದಿನಕ್ಕೆ 4ರಿಂದ 6 ಗಂಟೆ ಕಳೆಯುತ್ತವೆಂದು ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ಪಂಜರದಲ್ಲಿ ಸಿದ್ಧ ಆಹಾರ ತಿನ್ನುವ ಅವುಗಳ ಬಳಗದ ಗಿಳಿಗಳಿಗೆ ಊಟ ಮುಗಿಸಲು ಸುಮಾರು ಅರ್ಧ ಗಂಟೆಯಿಂದ ಒಂದೂಕಾಲು ಗಂಟೆ ಸಾಕು. ಉಳಿದ ಹೊತ್ತೆಲ್ಲ ಏನು ಮಾಡಬೇಕು? ಹಾರಲು ಜಾಗವಿಲ್ಲ, ಹುಡುಕಲು ಹಣ್ಣಿಲ್ಲ, ಮಾತಾಡಲು ಹಿಂಡಿಲ್ಲ. ಸಿಪ್ಪೆ ಸುಲಿಯಲು, ಗಟ್ಟಿ ಕಾಯಿ ಒಡೆಯಲು, ತೊಗಟೆ ಸೀಳಲು ರೂಪುಗೊಂಡ ಕೊಕ್ಕಿಗೆ ಎದುರು ಸಿಗುವುದು ಒಂದೇ ವಸ್ತು, ತನ್ನದೇ ಗರಿ. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದ ಎಂಬ ನಮ್ಮ ಹಳೆಯ ಗಾದೆ ಗಿಳಿಯ ಪಾಲಿಗೆ ನೂರಕ್ಕೆ ನೂರು ನಿಜ. ಬಡಗಿಯಾದರೆ ಎದ್ದು ಬೇರೆ ಕೆಲಸ ಹುಡುಕಬಹುದಿತ್ತು, ಗಿಳಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ.

ಇದು ಬರೀ ತರ್ಕವಲ್ಲ, ಪ್ರಯೋಗದಿಂದ ಗಟ್ಟಿಯಾದ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು 16 ಎಳೆಯ ಅಮೆಜಾನ್ ಗಿಳಿಗಳನ್ನು ಎರಡು ಗುಂಪು ಮಾಡಿ 48 ವಾರ ಗಮನಿಸಿದರು. ಒಂದು ಗುಂಪಿಗೆ ಬಟ್ಟಲಿನಲ್ಲಿ ಆಹಾರ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಹುಡುಕಿ, ಬಿಚ್ಚಿ, ಕಡಿದು ತಿನ್ನಬೇಕಾದ ಆಹಾರದ ಸಾಧನಗಳು ಮತ್ತು ಹತ್ತಿ ಇಳಿಯಲು ಬಗೆಬಗೆಯ ವಸ್ತುಗಳು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡನೆಯ ಗುಂಪಿನ ಗರಿಗಳು ಚೆನ್ನಾಗಿ ಉಳಿದವು, ಮೊದಲನೆಯ ಗುಂಪಿನವು ಕೆಟ್ಟವು. ಆಮೇಲೆ ಮೊದಲ ಗುಂಪಿಗೂ ಅದೇ ಸೌಕರ್ಯ ಕೊಟ್ಟಾಗ ಅವುಗಳ ಸ್ಥಿತಿಯೂ ಸುಧಾರಿಸಿತು. ನೆದರ್ಲೆಂಡ್ಸಿನ ಯುಟ್ರೆಕ್ಟ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಗಲೇ ಗರಿ ಕೀಳುತ್ತಿದ್ದ 18 ಆಫ್ರಿಕನ್ ಬೂದುಗಿಳಿಗಳಿದ್ದವು. ಕೊಳವೆಯೊಳಗಿನಿಂದ ಕಷ್ಟಪಟ್ಟು ಕಾಳು ತೆಗೆಯುವಂತೆ ಮಾಡಿದಾಗ ಒಂದು ತಿಂಗಳಲ್ಲೇ ಗರಿಗಳು ಉತ್ತಮಗೊಂಡವು.

ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮುಂದಾಳಾಗಿ, ಸಾಕಿದ 1,300ಕ್ಕೂ ಹೆಚ್ಚು ಗಿಳಿಗಳ ಮಾಹಿತಿ ಕಲೆಹಾಕಿದರು. ಕಾಡಿನಲ್ಲಿ ಬಹಳ ಶ್ರಮಪಟ್ಟು ಒಡೆದು, ಸುಲಿದು ತಿನ್ನಬೇಕಾದ ಆಹಾರ ಅವಲಂಬಿಸಿದ ಜಾತಿಗಳೇ ಪಂಜರದಲ್ಲಿ ಗರಿ ಕೆಡಿಸಿಕೊಳ್ಳುವುದು ಹೆಚ್ಚು ಎಂದು 2021ರಲ್ಲಿ ಅವರು ತೋರಿಸಿದರು. ದೇಹಕ್ಕೆ ಹೋಲಿಸಿದರೆ ಮಿದುಳು ದೊಡ್ಡದಾದ ಜಾತಿಗಳಲ್ಲಿ, ಒಂದೇ ಚಲನೆಯನ್ನು ಅರ್ಥವಿಲ್ಲದೆ ಮತ್ತೆ ಮತ್ತೆ ಮಾಡುವ ಇತರ ಚಟಗಳು ಹೆಚ್ಚು. ಗಿಳಿಪಾಠವೆಂದು ನಾವು ಹಗುರವಾಗಿ ಆಡುತ್ತೇವೆ. ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ ತರಬೇತು ಕೊಟ್ಟ ‘ಅಲೆಕ್ಸ್’ ಎಂಬ ಬೂದುಗಿಳಿ 2007ರಲ್ಲಿ ಸಾಯುವ ಹೊತ್ತಿಗೆ ನೂರಕ್ಕೂ ಹೆಚ್ಚು ಪದ ಬಲ್ಲದಾಗಿತ್ತು. ಬಣ್ಣ, ಆಕಾರ, ಎಣಿಕೆಗಳನ್ನು ಕೇಳಿದರೆ ಸರಿಯಾಗಿ ಉತ್ತರಿಸುತ್ತಿತ್ತು. ಅಷ್ಟು ಬುದ್ಧಿಯಿರುವ ಜೀವಕ್ಕೆ ಒಂದು ಬಟ್ಟಲು, ಒಂದು ಕೋಲು ಸಾಕೇ? ಉಗುರು ಕಚ್ಚುವ, ತಮ್ಮ ಕೂದಲನ್ನು ತಾವೇ ಕೀಳುವ ಮನುಷ್ಯರ ಕಾಯಿಲೆಗೆ ಗಿಳಿಯ ಈ ಚಟವನ್ನು ತಜ್ಞರು ಹೋಲಿಸುವುದು ಸುಮ್ಮನಲ್ಲ.

ಮನೆಯಲ್ಲಿ ಏನು ಮಾಡಬಹುದು?

ಔಷಧಕ್ಕಿಂತ ಮೊದಲು ಗಿಳಿಗೆ ಅದರ ಉದ್ಯೋಗ ಮರಳಿಸಬೇಕು. ಇದಕ್ಕೆ ದುಬಾರಿ ಆಟಿಕೆಗಳೇನೂ ಬೇಕಿಲ್ಲ. ಭತ್ತದ ತೆನೆಯ ಸಣ್ಣ ಕಟ್ಟೊಂದನ್ನು ಪಂಜರದೊಳಗೆ ತೂಗುಬಿಟ್ಟರೆ ಗಿಳಿ ಒಂದೊಂದೇ ಕಾಳನ್ನು ಬಿಡಿಸಿ ತಿನ್ನುತ್ತದೆ. ತೂತು ಕೊರೆದ ತೆಂಗಿನ ಕರಟದೊಳಗೆ ಕಾಳು ಹಾಕಿ ಇಡಬಹುದು. ಅಡಿಕೆ ಹಾಳೆಯ ತುಂಡಿನಲ್ಲಿ ಕ್ಯಾರೆಟ್ ಚೂರು ಸುತ್ತಿ ಕೊಡಬಹುದು. ಹಸಿ ಬಟಾಣಿಯ ಕೋಡು, ಸಿಪ್ಪೆಸಹಿತ ಮುಸುಕಿನ ಜೋಳದ ತೆನೆಗಳನ್ನು ಬಿಡಿಸಿ ಕೊಡದೆ ಹಾಗೆಯೇ ಕೊಡಬೇಕು. ಎರಡು ಗೆಣ್ಣಿನ ಬಿದಿರಿಗೆ ರಂಧ್ರ ಕೊರೆದರೆ ಯುಟ್ರೆಕ್ಟ್‌ನ ಕೊಳವೆಯೇ ಸಿದ್ಧವಾದಂತೆ. ಮೊದಲ ದಿನವೇ ಬಟ್ಟಲನ್ನು ತೆಗೆದುಬಿಡಬಾರದು. ಹೊಸತನ್ನು ಕಂಡು ಹೆದರುವ ಗಿಳಿ ಉಪವಾಸ ಕೂತೀತು. ಬಟ್ಟಲಿನ ಪಾಲನ್ನು ನಿಧಾನವಾಗಿ ಕಡಿಮೆ ಮಾಡುತ್ತಾ, ಎರಡು ಮೂರು ದಿನಕ್ಕೊಮ್ಮೆ ವಸ್ತುಗಳನ್ನು ಬದಲಿಸುತ್ತಾ ಹೋಗಬೇಕು. ನಾರು, ದಾರ ಬಳಸಿದರೆ ಕಾಲಿಗೆ ತೊಡರದಂತೆ ಚಿಕ್ಕದಾಗಿ ಕಟ್ಟಬೇಕು.

ಕೂರುವ ಕೋಲು ಒಂದೇ ದಪ್ಪದ ನುಣುಪು ಕಡ್ಡಿಯಾಗಿರಬಾರದು. ಕಪಾತಿನ ಕಾಲದಲ್ಲಿ ಸಿಗುವ ಕಾಫಿ ಗಿಡದ ಕೊಂಬೆ ಗಟ್ಟಿ, ಅಂಕುಡೊಂಕು, ಗಿಳಿಯ ಕಾಲಿಗೆ ಬಲು ಒಳ್ಳೆಯದು. ಪರದೇಶಗಳಲ್ಲಿ ಇದನ್ನು ಕಾಸು ಕೊಟ್ಟು ಕೊಳ್ಳುತ್ತಾರೆ. ಆದರೆ ಬೋರ್ಡೋ ದ್ರಾವಣವನ್ನಾಗಲಿ ಕೀಟನಾಶಕವನ್ನಾಗಲಿ ಸಿಂಪಡಿಸಿದ ಗಿಡದ ಕೊಂಬೆ ಕೂಡದು. ಸಿಂಪಡಿಸದ ಸೀಬೆ ಮರದ ಹಸಿ ಕೊಂಬೆಯನ್ನು ತೊಗಟೆಸಹಿತ ಕೊಟ್ಟರೆ ಸುಲಿಯುವ ಕೆಲಸವೂ ಆಯಿತು. ಪಂಜರದಲ್ಲಿ ಗಿಳಿ ಎರಡೂ ರೆಕ್ಕೆಗಳನ್ನು ಪೂರ್ತಿ ಬಿಚ್ಚಿ ಬಡಿಯುವಷ್ಟಾದರೂ ಜಾಗವಿರಬೇಕು. ದಿನಕ್ಕೆ ಒಂದೆರಡು ಗಂಟೆ ಮುಚ್ಚಿದ ಕೋಣೆಯಲ್ಲಿ ಹೊರಗೆ ಬಿಟ್ಟರೆ ಇನ್ನೂ ಲೇಸು.

ಪಂಜರ ಇಡುವ ಜಾಗವೂ ಮುಖ್ಯ. ಬಾಗಿಲ ಎದುರು, ಬಂದುಹೋಗುವವರ ದಾರಿಯಲ್ಲಿ, ನಾಯಿಬೆಕ್ಕುಗಳ ಕಣ್ಣಳತೆಯಲ್ಲಿ ಇಟ್ಟ ಗಿಳಿ ಸದಾ ಎಚ್ಚರದಲ್ಲೇ ಇರುತ್ತದೆ. ಒಂದು ಬದಿಗಾದರೂ ಗೋಡೆಯ ಆಸರೆ ಬೇಕು. ಹಬ್ಬದಲ್ಲಿ, ಮದುವೆಯಲ್ಲಿ ಕೋವಿಯ ಸದ್ದು, ಪಟಾಕಿಗಳಿದ್ದರೆ ಮೊದಲೇ ಒಳಕೋಣೆಗೆ ಸಾಗಿಸುವುದು ಕ್ಷೇಮ. ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲು, ಮೌನ ಅದಕ್ಕೆ ಬೇಕು. ಮನೆಮಂದಿ ಟಿ.ವಿ. ನೋಡುವ ಕೋಣೆಯಲ್ಲಿ ನಡುರಾತ್ರಿಯವರೆಗೆ ಕೂತ ಗಿಳಿ ನಿದ್ದೆಗೆಟ್ಟ ಮಗುವಿನಂತೆ ಕಿರಿಕಿರಿ ಮಾಡುತ್ತದೆ.

ಕೊಡಗಿನ ಮಳೆಗಾಲಕ್ಕೆ ಪ್ರತ್ಯೇಕ ಎಚ್ಚರ ಅಗತ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಅಪರೂಪ. ಚಳಿಯೆಂದು ಪಂಜರವನ್ನು ಅಡುಗೆಮನೆಯ ಒಲೆಯ ಪಕ್ಕಕ್ಕೆ ತರುತ್ತಾರೆ. ಅಲ್ಲಿ ಕತ್ತಲೆ, ಹೊಗೆ, ಒಣ ಶಾಖ. ಹಕ್ಕಿಯ ಶ್ವಾಸಾಂಗ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ಹೊಗೆ ಅದರ ಎದೆಗೂ ಚರ್ಮಕ್ಕೂ ಕೇಡು. ಗಾಳಿ ಬೀಸದ, ಬೆಳಕು ಬೀಳುವ ಕೋಣೆಯೇ ಮೇಲು. ಬಿಸಿಲು ಬಿದ್ದ ದಿನ ಅರ್ಧ ಗಂಟೆ ಹೊರಗಿಡಬೇಕು, ಪಂಜರದ ಅರ್ಧ ಭಾಗಕ್ಕೆ ನೆರಳಿರಲಿ. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಸಾಲದು, ‘ಡಿ’ ಜೀವಸತ್ವ ತಯಾರಿಸಲು ಬೇಕಾದ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ. ಕಾಡುಗಿಳಿಗಳು ಮಳೆಯಲ್ಲಿ, ಒದ್ದೆ ಎಲೆಗಳ ನಡುವೆ ಮೀಯುತ್ತವೆ. ಮನೆಯ ಗಿಳಿಗೂ ವಾರಕ್ಕೆ ಮೂರು ನಾಲ್ಕು ಸಲ, ಬೆಚ್ಚಗಿನ ಹೊತ್ತಿನಲ್ಲಿ, ಸಾದಾ ಉಗುರುಬೆಚ್ಚಗಿನ ನೀರನ್ನು ತುಂತುರಾಗಿ ಸಿಂಪಡಿಸಬಹುದು. ಮೈ ಒದ್ದೆಯಾದಾಗ ಗಿಳಿ ಗರಿಯನ್ನು ಕೀಳುವ ಬದಲು ಬಾಚಿಕೊಳ್ಳುತ್ತದೆ.

ಡಿಸೆಂಬರ್‌ನಿಂದ ಕಾಫಿ ಕುಯ್ಲು ಶುರುವಾದರೆ ಮನೆಯವರೆಲ್ಲ ತೋಟದಲ್ಲಿ, ಕಣದಲ್ಲಿ. ನಿನ್ನೆಯವರೆಗೆ ನಾಲ್ಕು ಜನ ಮಾತಾಡಿಸುತ್ತಿದ್ದ ಗಿಳಿಗೆ ಇಡೀ ದಿನ ಒಂಟಿತನ. ಹಿಂಡಿನಲ್ಲಿ ಬದುಕುವ ಹಕ್ಕಿಗೆ ಇದು ದೊಡ್ಡ ಹೊಡೆತ. ಕೆಲಸದ ಕಾಲ ಬರುವ ಮೊದಲೇ ಅದನ್ನು ಸ್ವಲ್ಪ ಸ್ವಲ್ಪವಾಗಿ ಒಂಟಿಯಾಗಿರಲು ಅಭ್ಯಾಸ ಮಾಡಿಸುವುದು, ಹೊರಡುವ ಮುನ್ನ ಆ ದಿನದ ‘ಕೆಲಸ’ವನ್ನು ಪಂಜರದಲ್ಲಿ ಕಟ್ಟಿಹೋಗುವುದು, ಸಂಜೆ ನಿಶ್ಚಿತ ಸಮಯಕ್ಕೆ ಅದರೊಡನೆ ಕಳೆಯುವುದು ಒಳ್ಳೆಯ ಪದ್ಧತಿ. ಮುದ್ದು ಮಾಡುವಾಗ ತಲೆ, ಕತ್ತುಗಳನ್ನಷ್ಟೇ ಸವರಬೇಕು. ಬೆನ್ನು, ರೆಕ್ಕೆಯ ಅಡಿ ಸವರಿದರೆ ಗಿಳಿ ಅದನ್ನು ಜೋಡಿಯ ಸಂಕೇತವೆಂದು ತಿಳಿದು, ಗೂಡು ಕಟ್ಟುವ ಉದ್ವೇಗಕ್ಕೆ ಒಳಗಾಗುತ್ತದೆ. ಅದೂ ಗರಿ ಕೀಳಲು ಒಂದು ಕಾರಣ.

ಮಾಡಬಾರದ್ದು

ಎಣ್ಣೆ ಯಾವುದೇ ಇರಲಿ, ಹಚ್ಚಬಾರದು. ಅದು ಗರಿಗಳನ್ನು ಅಂಟಿಸಿ, ಮೈಶಾಖ ಕಾಯುವ ಅವುಗಳ ಶಕ್ತಿಯನ್ನೇ ಕಳೆಯುತ್ತದೆ. ಕಹಿಯೆಂದು ಬೇವಿನ ರಸ ಬಳಿಯುವುದೂ ಫಲ ಕೊಡುವುದು ಅಪರೂಪ. ಮೆಣಸಿನ ನೀರು ಚಿಮುಕಿಸಿದರೆ ಕೀಳುವುದು ನಿಲ್ಲುತ್ತದೆ ಎಂಬ ನಂಬಿಕೆಯಂತೂ ಹಾಸ್ಯಾಸ್ಪದ. ಮೆಣಸಿನ ಖಾರ ಹಕ್ಕಿಗಳ ನರಗಳಿಗೆ ತಟ್ಟುವುದೇ ಇಲ್ಲ. ತೋಟದಲ್ಲಿ ತಾನಾಗಿ ಹುಟ್ಟುವ ಸೂಜಿಮೆಣಸಿನ ಗಿಡಗಳು ಹಕ್ಕಿಗಳು ತಿಂದು ಬಿತ್ತಿದ ಬೆಳೆ ಎಂಬುದನ್ನು ನೆನೆದರೆ ಇದು ತಿಳಿಯುತ್ತದೆ. ಖಾರ ತಟ್ಟುವುದು ಚಿಮುಕಿಸಿದವರ ಕಣ್ಣಿಗೆ ಮಾತ್ರ.

ಗದರುವುದೂ ಬೇಡ. ಗಿಳಿ ಗರಿ ಕೀಳುತ್ತದೆ, ಮನೆಯವರು ‘ಅಯ್ಯೋ’ ಎಂದು ಓಡಿಬರುತ್ತಾರೆ. ಒಂಟಿಯಾಗಿದ್ದ ಹಕ್ಕಿಗೆ ಅದೇ ಬಹುಮಾನ. ಮರುದಿನ ಕರೆಯಬೇಕಾದಾಗ ಅದು ಇನ್ನೊಂದು ಗರಿ ಕೀಳುತ್ತದೆ. ಕೀಳುವಾಗ ಸುಮ್ಮನಿದ್ದು, ಕರಟ ಕೆರೆಯುವಾಗ, ತೆನೆ ಬಿಡಿಸುವಾಗ ಮಾತಾಡಿಸಬೇಕು. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ ಗಾಯ ಮಾಡಿಕೊಳ್ಳುವ ಹಕ್ಕಿಗೆ ತಾತ್ಕಾಲಿಕ ರಕ್ಷಣೆಯೇ ಹೊರತು ಚಿಕಿತ್ಸೆಯಲ್ಲ. ಅದನ್ನು ವೈದ್ಯರೇ ನಿರ್ಧರಿಸಬೇಕು. ಮನಸ್ಸಿನ ಕಾಯಿಲೆಗೆ ಮನುಷ್ಯರಿಗೆ ಕೊಡುವ ಕೆಲವು ಔಷಧಗಳನ್ನು ಗಿಳಿಗಳ ಮೇಲೂ ಪ್ರಯೋಗಿಸಲಾಗಿದೆ, ಆದರೆ ಅವು ಔಷಧದಂಗಡಿಯಿಂದ ತಾವಾಗಿ ತಂದು ಕೊಡುವಂಥವಲ್ಲ. ಹಸುನಾಯಿಗಳ ಉಣ್ಣೆಗೆ ಬಳಸುವ ಪುಡಿಯೂ ಹಾಗೆಯೇ, ಹಕ್ಕಿಯ ಪ್ರಾಣಕ್ಕೇ ಎರವಾದೀತು.

ಕೊಡಗಿನ ಹಿತ್ತಲಲ್ಲಿ ಯಥೇಚ್ಛವಾಗಿ ಬೆಳೆಯುವ ಬೆಣ್ಣೆಹಣ್ಣನ್ನು ಗಿಳಿಗೆ ತಿನ್ನಿಸಲೇಬಾರದು. ಅದರಲ್ಲಿರುವ ಪರ್ಸಿನ್ ಎಂಬ ರಾಸಾಯನಿಕ ಹಕ್ಕಿಯ ಹೃದಯವನ್ನು ಕೆಡಿಸಿ ಕೊಲ್ಲಬಲ್ಲದು. ಪ್ರೀತಿಯಿಂದ ಲೋಟದ ತಳದ ಕಾಫಿ ಕುಡಿಸುವುದೂ, ಚಾಕೊಲೇಟ್ ಕೊಡುವುದೂ ಅಪಾಯ. ಅಂಟದ ಲೇಪನದ ಬಾಣಲೆ ಒಲೆಯ ಮೇಲೆ ಬರಿದೇ ಕಾದು ಹೊಗೆಯಾಡಿದರೆ ಆ ವಿಷವಾಯುವಿಗೆ ಅಡುಗೆಮನೆಯ ಗಿಳಿ ನಿಮಿಷಗಳಲ್ಲಿ ಸಾಯಬಹುದು.

ತಾಳ್ಮೆಯ ಲೆಕ್ಕ

ಇಷ್ಟೆಲ್ಲ ಮಾಡಿದ ಮೇಲೆ ಫಲ ಎಷ್ಟು ದಿನಕ್ಕೆ? ವಾರಗಳಲ್ಲಿ ಅಲ್ಲ, ತಿಂಗಳುಗಳಲ್ಲಿ. ಒಂದು ನೋಟ್‌ಬುಕ್ ಇಟ್ಟು, ದಿನವೂ ಪಂಜರದಡಿ ಬಿದ್ದ ಗರಿಗಳನ್ನು ಎಣಿಸಿ ಬರೆಯುವುದು, ಆ ದಿನದ ಆಹಾರ, ಹವೆ, ಮನೆಗೆ ಬಂದ ನೆಂಟರು, ಸದ್ದುಗದ್ದಲಗಳನ್ನು ಗುರುತಿಸುವುದು ಬಹಳ ಉಪಯುಕ್ತ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠವಿಲ್ಲ. ಎರಡು ತಿಂಗಳ ಲೆಕ್ಕ ಕೈಯಲ್ಲಿದ್ದರೆ ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಕಾರಣಕ್ಕೆ ಗರಿ ಹೆಚ್ಚು ಬೀಳುತ್ತದೆಂಬುದು ತಾನಾಗಿ ಹೊಳೆಯುತ್ತದೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ಹೇಳಲು ಸಾಧ್ಯ.

ಬೇಗ ಗಮನಿಸಿದಷ್ಟೂ ಗುಣದ ಸಂಭವ ಹೆಚ್ಚು. ವರ್ಷಗಟ್ಟಲೆ ಕಿತ್ತ ಜಾಗದಲ್ಲಿ ಗರಿಯ ಕುಳಿಯೇ ಸತ್ತು ಚರ್ಮ ಗಟ್ಟಿಯಾಗಿಬಿಡುತ್ತದೆ, ಅಲ್ಲಿ ಮತ್ತೆ ಗರಿ ಬಾರದು. ಚಟವೂ ಬೇರುಬಿಟ್ಟು, ಮೂಲಕಾರಣ ಹೋದ ಮೇಲೂ ಉಳಿಯುತ್ತದೆ. ಅಂಥ ಗಿಳಿಯನ್ನು ಬೋಳೆದೆಯೊಡನೆಯೇ ಒಪ್ಪಿಕೊಂಡು, ಅದರ ದಿನಗಳನ್ನು ಹಗುರಗೊಳಿಸುವುದಷ್ಟೇ ಉಳಿದ ದಾರಿ. ಚರ್ಮ ಕಡಿದು ಗಾಯ ಮಾಡಿಕೊಂಡರೆ, ರಕ್ತ ನಿಲ್ಲದಿದ್ದರೆ, ಆಹಾರ ಬಿಟ್ಟು ಮುದುಡಿ ಕೂತರೆ ಮಾತ್ರ ಒಂದು ದಿನವೂ ಕಾಯಬಾರದು.

ಕಾನೂನು ಏನು ಹೇಳುತ್ತದೆ?

ಇಲ್ಲೊಂದು ಕಹಿ ಸತ್ಯವನ್ನು ಹೇಳಲೇಬೇಕು. ಮೇಲೆ ಹೇಳಿದ ನಾಲ್ಕೂ ಬಗೆಯ ಊರಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಿಳಿಶಾಸ್ತ್ರದವರ ಪಂಜರದ ಗಿಳಿಗೂ ಇದು ಅನ್ವಯಿಸುತ್ತದೆ. ಲವ್‌ಬರ್ಡ್, ಬಡ್ಜರಿಗರ್, ಕಾಕಟೀಲ್, ಬೂದುಗಿಳಿ, ಮಕಾವ್ ಮುಂತಾದ ಪರದೇಶದ ಹಕ್ಕಿಗಳನ್ನು ಸಾಕಬಹುದು. ಆದರೆ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಬೂದುಗಿಳಿ, ಮಕಾವ್‌ಗಳಂಥವನ್ನು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು.

ಹಾಗಾದರೆ ಮನೆಯಲ್ಲಿರುವ ಊರಗಿಳಿಯನ್ನು, ಅದೂ ಗರಿ ಕಿತ್ತುಕೊಂಡದ್ದನ್ನು, ಬಾಗಿಲು ತೆರೆದು ಹಾರಿಬಿಡುವುದೇ? ಖಂಡಿತ ಬೇಡ. ಎದೆ ಬೋಳಾದ ಹಕ್ಕಿ ಒಂದು ಮಳೆಗೂ ಬದುಕಲಾರದು. ಕೈತುತ್ತು ತಿಂದು ಬೆಳೆದ ಗಿಳಿಗೆ ಗಿಡುಗನ ನೆರಳೂ ತಿಳಿಯದು, ಅತ್ತಿಯ ಮರವೂ ತಿಳಿಯದು. ಪಂಜರದ ರೋಗವನ್ನು ಕಾಡಿನ ಹಿಂಡಿಗೆ ಹಂಚಿದಂತೆಯೂ ಆದೀತು. ಅರಣ್ಯ ಇಲಾಖೆಯ ಹತ್ತಿರದ ಕಚೇರಿಗೆ ತಿಳಿಸಿ, ಅವರ ಮೂಲಕ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸುವುದೇ ಸರಿಯಾದ ಮಾರ್ಗ. ಬೆಂಗಳೂರಿನ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಚಿಕಿತ್ಸಾಲಯವಿದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನ ಗಾಯಗೊಂಡ, ಕೈಬಿಟ್ಟ ಗಿಳಿಗಳ ಆರೈಕೆಗೆ ಹೆಸರಾದದ್ದು. 468 ಜಾತಿಯ ಹಕ್ಕಿಗಳಿಗಾಗಿ 2017ರಲ್ಲಿ ಅದು ಗಿನ್ನೆಸ್ ದಾಖಲೆಗೂ ಸೇರಿತು. ಅಗಲುವುದು ಕಷ್ಟ, ನಿಜ. ಆದರೆ ತನ್ನ ಜಾತಿಯ ಹತ್ತು ಹಕ್ಕಿಗಳ ನಡುವೆ, ರೆಕ್ಕೆ ಬಡಿಯುವಷ್ಟು ಜಾಗದಲ್ಲಿ ಗಿಳಿಗೆ ಸಿಗುವ ನೆಮ್ಮದಿಯನ್ನು ಜಗಲಿಯ ಪಂಜರ ಎಷ್ಟು ಪ್ರೀತಿಯಿಂದಲೂ ಕೊಡಲಾರದು.

ವರ್ಷದ ಮೊದಲ ತಿಂಗಳುಗಳಲ್ಲಿ ಗಿಳಿಗಳು ಮರದ ಪೊಟರೆಗಳಲ್ಲಿ ಮರಿ ಮಾಡುತ್ತವೆ. ಪಂಜರಕ್ಕೆ ಬರುವ ಗಿಳಿಯ ಕಥೆ ಶುರುವಾಗುವುದು ಆ ಪೊಟರೆಯೊಳಗೆ ಕೈ ಹಾಕಿದ ಕ್ಷಣದಿಂದ. ಗರಿ ಕೀಳುವ ಚಟಕ್ಕೆ ಅತ್ಯಂತ ಅಗ್ಗದ, ಎಂದೂ ಸೋಲದ ಚಿಕಿತ್ಸೆ ಆ ಕೈಯನ್ನು ತಡೆಯುವುದು. ಒಣಗಿ ಟೊಳ್ಳಾದ ಒಂದು ಮರವನ್ನು ತೋಟದ ಮೂಲೆಯಲ್ಲಿ ಕಡಿಯದೆ ಉಳಿಸಿದರೆ, ಒಂದು ಅತ್ತಿಯ ಮರಕ್ಕೆ ಜಾಗ ಕೊಟ್ಟರೆ ಗಿಳಿಗಳು ತಾವಾಗಿಯೇ ಬರುತ್ತವೆ. ಅವಕ್ಕೆ ಕಾಳು ಹಾಕಬೇಕಾದದ್ದೂ ಇಲ್ಲ, ಗರಿ ಎಣಿಸಬೇಕಾದದ್ದೂ ಇಲ್ಲ. ಈಗಾಗಲೇ ಪಂಜರದಲ್ಲಿರುವ ಹಕ್ಕಿಗಾದರೋ, ನಾಳೆ ಬೆಳಿಗ್ಗೆ ಬಟ್ಟಲು ತುಂಬುವ ಮೊದಲು ಒಂದು ಭತ್ತದ ತೆನೆಯನ್ನು ಕಟ್ಟಿ ನೋಡಬಹುದು.